ನಲವತ್ತೆರಡು ಕಲ್ಲುಮನೆಗಳ ಕಾವಲುಗಾರ

ಕಳೆದ ಭಾನುವಾರ ಬೆಳಿಗ್ಗೆ ಹಿಂದೆ ನಮ್ಮ ಪಕ್ಕದ ಮನೆಯಲ್ಲಿದ್ದ ವಿಮಲಾ ಈಗಿನ ತನ್ನ ಊರು ಷಾರ್ಲೆಟ್‌ನಿಂದ ಫೋನ್ ಮಾಡಿ "ಅಪ್ಪ ಹೋಗ್ಬಿಟ್ರು" ಎಂದಳು. ಊರಿಗೆ ಹೋಗಿ, ಮಾಡಬೇಕಾದ್ದನ್ನೆಲ್ಲ ಮುಗಿಸಿ, ಮೊನ್ನೆಯಷ್ಟೇ ವಾಪಸು ಬಂದಿದ್ದಳು. ನಾನು ದೋಸೆ ಸಟ್ಟುಗ ಹಿಡಿದುಕೊಂಡೇ ನಿಂತುಬಿಟ್ಟೆ. ದೋಸೆ ಸೀದುಹೋಯಿತು, ಸ್ಮೋಕ್ ಅಲಾರ್ಮ್ ಕಿರುಚಿಕೊಂಡಿತು, ನನ್ನ ಹೆಂಡತಿ ಗೀತಾ ಟವಲು ಬೀಸುತ್ತಾ ಓಡಿಬಂದಳು. ಸತ್ತವರ ವಿಷಯ ಬಂದಾಗ ಗಲಾಟೆ ಮಾಡುವವರನ್ನು ಕಂಡರೆ ಆ ಮನುಷ್ಯನಿಗೆ ಆಗುತ್ತಿರಲಿಲ್ಲ. ಅವರ ಸಾವಿನ ಸುದ್ದಿಯನ್ನೇ ನಾನು ಇಷ್ಟು ಗಲಾಟೆಯ ನಡುವೆ ಕೇಳಬೇಕಾಯಿತು.

ವಿಮಲಾ ಇನ್ನೊಂದು ಮಾತನ್ನೂ ಹೇಳಿದಳು. ಅದು ನನ್ನ ತಪ್ಪಿಗೆ ಸಂಬಂಧಿಸಿದ್ದಾದ್ದರಿಂದ ಆದಷ್ಟು ತಡವಾಗಿ ಬರೆಯುತ್ತೇನೆ.

ವರ್ಜೀನಿಯಾದ ನಮ್ಮ ಊರು ಶ್ಯಾಂಟಿಲಿಯ ಕನ್ನಡಿಗರೆಲ್ಲ ಅವರನ್ನು ಕಾವಲು ಅಂಕಲ್ ಎಂದೇ ಕರೆಯುತ್ತಿದ್ದರು. ತೊಂಬತ್ತನಾಲ್ಕರ ಏಪ್ರಿಲ್‌ನಲ್ಲಿ ಮಗಳ ಮನೆಗೆ ಆರು ತಿಂಗಳ ವೀಸಾದ ಮೇಲೆ ಬಂದರು. ವಿಮಲಾ, ಅವಳ ಗಂಡ ಪ್ರಸಾದ್, ಮಗಳು ಅನು ಇದ್ದದ್ದು ನಮ್ಮ ಪಕ್ಕದ ಟೌನ್‌ಹೌಸ್‌ನಲ್ಲಿ. ನಮ್ಮ ಎರಡೂ ಮನೆಗಳ ನಡುವೆ ಒಂದು ತೆಳು ಗೋಡೆ. ಅಂಕಲ್ ಬಂದ ಮಾರನೆಯ ದಿನವೇ ಆ ಗೋಡೆಯ ಮೂಲಕ ನನಗೆ ಅವರ ಕೆಮ್ಮು ಪರಿಚಯವಾಯಿತು. ಎರಡು ಸಲ ಕೆಮ್ಮುವುದು, ಸ್ವಲ್ಪ ಹೊತ್ತು ಬಿಡುವುದು, ಆಮೇಲೆ ಬಾಗಿಲು ತೆಗೆದ ಸದ್ದು. ಬೇಸ್‌ಮೆಂಟಿಗೆ ಇಳಿಯುವ ಮುಂಚೆ ಎರಡು ಕೆಮ್ಮು. ಗರಾಜಿಗೆ ಹೋಗುವ ಮುಂಚೆ ಎರಡು ಕೆಮ್ಮು. ಪಾಪ, ಹವಾ ಒಗ್ಗಿಲ್ಲ ಎಂದು ಗೀತಾ ಶುಂಠಿ ಕಷಾಯ ಮಾಡಿ ಕಳಿಸಿದಳು. ಅಂಕಲ್ ಕಷಾಯ ಕುಡಿದು, ಲೋಟ ತೊಳೆದು ವಾಪಸು ಕೊಟ್ಟು, ಮರುದಿನವೂ ಅಷ್ಟೇ ಕ್ರಮವಾಗಿ ಕೆಮ್ಮಿದರು.

ಅದು ಕಾಯಿಲೆಯಲ್ಲ, ಉದ್ಯೋಗ ಎಂದು ತಿಳಿದದ್ದು ನಮ್ಮ ಕನ್ನಡ ಕೂಟದ ಯುಗಾದಿ ಕಾರ್ಯಕ್ರಮದಲ್ಲಿ. ಅಪ್ಪ ಏನು ಮಾಡುತ್ತಿದ್ದರು ಎಂದು ಯಾರಾದರೂ ಕೇಳಿದರೆ ವಿಮಲಾ "ಆರ್ಕಿಯಾಲಜಿ ಡಿಪಾರ್ಟ್‌ಮೆಂಟ್‌ನಲ್ಲಿದ್ರು" ಎಂದು ಹೇಳಿ ಬೇಗ ಬೇರೆ ಮಾತು ಎತ್ತುತ್ತಿದ್ದಳು. ಸುಳ್ಳೇನಲ್ಲ. ಆದರೆ ನಮ್ಮ ಕೂಟದ ಕಾರ್ಯದರ್ಶಿ ಅಷ್ಟಕ್ಕೇ ಹಿಗ್ಗಿ, ಹೈಸ್ಕೂಲ್ ಕೆಫೆಟೀರಿಯಾದಲ್ಲಿ ನಡೆದ ಸಭೆಯಲ್ಲಿ, ಬಿಸಿಬೇಳೆಬಾತಿಗೂ ಮಕ್ಕಳ ನೃತ್ಯಕ್ಕೂ ನಡುವೆ, "ನಾಡಿನ ಹಿರಿಯ ಪುರಾತತ್ತ್ವ ವಿದ್ವಾಂಸರು ಈಗ ಎರಡು ಮಾತನಾಡುತ್ತಾರೆ" ಎಂದು ಘೋಷಿಸಿಬಿಟ್ಟ. ವಿಮಲಾ ಮುಖ ಮುಚ್ಚಿಕೊಂಡಳು. ಅಂಕಲ್ ಎದ್ದು, ಮೈಕಿನ ಮುಂದೆ ಎರಡು ಸಲ ಕೆಮ್ಮಿ, ಎರಡೇ ಮಾತನಾಡಿದರು.

"ನಾನು ವಿದ್ವಾಂಸ ಅಲ್ಲ, ವಾಚ್‌ಮನ್ನು. ನಲವತ್ತೆರಡು ಗೋರಿಗೆ ಮೂವತ್ತೊಂದು ವರ್ಷ ಕಾವಲಿದ್ದೆ, ಒಬ್ರೂ ಎದ್ದೋಗಿಲ್ಲ."

ಸಭೆಗೆ ಇದು ಹಾಸ್ಯವೆಂದು ತೋರಿ ಜೋರಾಗಿ ಚಪ್ಪಾಳೆ ಬಿತ್ತು. ಅವರು ಮಾತ್ರ ನಗಲಿಲ್ಲ. ಸೇವಾ ವಿವರ ಒಪ್ಪಿಸಿದವರ ಹಾಗೆ ಬಂದು ಕೂತು ಬಿಸಿಬೇಳೆಬಾತ್ ಮುಂದುವರಿಸಿದರು.

ಆಮೇಲೆ ನಾನೇ ಕೆದಕಿ ಕೇಳಿದೆ. ಕೋಲಾರದ ಕಡೆ ಒಂದು ಬೋಳುಗುಡ್ಡ. ಅದರ ನೆತ್ತಿಯ ಮೇಲೆ, ನಾಲ್ಕು ಕಡೆ ಕಲ್ಲುಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿ, ಸುತ್ತಲೂ ಗುಂಡುಕಲ್ಲಿನ ಗುಪ್ಪೆ ಪೇರಿಸಿದ ಗೋರಿಗಳು. ಒಂದು ಚಪ್ಪಡಿಯಲ್ಲಿ ಮನುಷ್ಯ ತೆವಳಿ ಹೋಗುವಷ್ಟು ದುಂಡಗಿನ ಕಂಡಿ. ಊರವರು ಅವನ್ನು ಪಾಂಡವರ ಗುಡಿ ಎನ್ನುತ್ತಾರೆ. ಇಲಾಖೆಯವರು ಒಂದೊಂದಕ್ಕೂ ಬಿಳಿ ಬಣ್ಣದಲ್ಲಿ ನಂಬರು ಬರೆದು, ಗುಡ್ಡದ ಬುಡದಲ್ಲಿ ಸಂರಕ್ಷಿತ ಸ್ಮಾರಕ ಎಂಬ ನೀಲಿ ಬೋರ್ಡು ನೆಟ್ಟು, ಅಂಕಲ್ ಕೈಗೆ ಒಂದು ವಿಸಲ್ಲು, ಒಂದು ಖಾಕಿ ಕೋಟು ಕೊಟ್ಟು ಹೋದರು. ನವಶಿಲಾಯುಗದ್ದು ಎಂದು ಒಬ್ಬ ಸಾಹೇಬರು ಬರೆದರಂತೆ. ಅಲ್ಲ, ಆಮೇಲಿನದು ಎಂದು ಇನ್ನೊಬ್ಬ ಸಾಹೇಬರು ಹೊಡೆದುಹಾಕಿದರಂತೆ. ಇಬ್ಬರೂ ಗುಡ್ಡದ ಮೇಲೆ ಏರುದನಿಯಲ್ಲಿ ವಾದ ಮಾಡುತ್ತಿದ್ದಾಗ ಅಂಕಲ್ ವಿಸಲ್ ಊದಿದರಂತೆ.

"ಸಾಹೇಬ್ರ ಮೇಲೇನೇ ವಿಸಲ್ ಊದಿದ್ರಾ?"

"ಮತ್ತೆ? ಜನ ಮಲಗವ್ರೆ ಅಲ್ಲಿ. ಯಾವ ಯುಗ ಆದ್ರೇನಪ್ಪ, ನಿದ್ದೆ ನಿದ್ದೇನೇ ಅಲ್ವಾ?"

ಅವರು ಅವನ್ನು ಗೋರಿ ಎನ್ನುತ್ತಿದ್ದದ್ದು ಪರಕೀಯರ ಮುಂದೆ ಮಾತ್ರ. ತಮ್ಮೊಳಗೆ ಅವು ಮನೆಗಳು. ಮೂರನೇ ಮನೆ, ಇಪ್ಪತ್ತೆಂಟನೇ ಮನೆ. ಕಸ ತೆಗೆಯಲು ಕಂಡಿಯೊಳಗೆ ಬಗ್ಗುವ ಮುಂಚೆ ಎರಡು ಸಲ ಕೆಮ್ಮುವುದು ಅವರ ಪದ್ಧತಿ. ಅಷ್ಟು ಸಾವಿರ ವರ್ಷದಿಂದ ಮಲಗಿದವರ ಮನೆಗೆ ಸದ್ದು ಮಾಡದೆ ನುಗ್ಗುವುದು ಮರ್ಯಾದೆಯಲ್ಲ. ಆ ಮರ್ಯಾದೆಯನ್ನೇ ಅವರು ಅಮೆರಿಕದ ಬೇಸ್‌ಮೆಂಟಿಗೂ ವಿಸ್ತರಿಸಿದ್ದರು.

ಕೆಲಸದ ಇನ್ನೊಂದು ಭಾಗ ತಿಂಗಳ ವರದಿ. ಪ್ರತಿ ತಿಂಗಳ ಕೊನೆಗೆ ಮೇಲಧಿಕಾರಿಗೆ ಒಂದು ಕಾರ್ಡು: "ಎಲ್ಲವೂ ಯಥಾಸ್ಥಿತಿಯಲ್ಲಿದೆ." ಮೂವತ್ತೊಂದು ವರ್ಷವೂ ಇದೇ ಸಾಲು. ಈ ಸಾಲು ಬರೆಯಲು ಗುಡ್ಡ ಹತ್ತಬೇಕೇ, ಮನೆಯಲ್ಲೇ ಕೂತು ಬರೆದು ಹಾಕಬಹುದಲ್ಲ ಎಂದು ನಾನು ಕೇಳಿದ್ದಕ್ಕೆ, ಅವರು ನನ್ನನ್ನು ಒಂದು ಕ್ಷಣ ದಿಟ್ಟಿಸಿ ನೋಡಿ, "ನೀನು ಕಂಪ್ಯೂಟರ್ ಕೆಲಸಾನ ಹಂಗೇ ಮಾಡೋದಾ?" ಎಂದರು. ಆ ಕಾಲಕ್ಕೆ ನಾನು ಬಹುಮಟ್ಟಿಗೆ ಹಾಗೆಯೇ ಮಾಡುತ್ತಿದ್ದೆ. 

ಅವರ ಇಂಗ್ಲಿಷು ಪೂರ್ತಿ ಆ ನೀಲಿ ಬೋರ್ಡಿನಿಂದ ಕಲಿತದ್ದು. ಹೀಗಾಗಿ ಪದಗಳು ಭಾರಿ, ವ್ಯಾಕರಣ ಇಲ್ಲ. ಬೆಳಿಗ್ಗೆ ಜಾಗಿಂಗ್ ಹೋಗುವ ಅಮೆರಿಕನ್ನರಿಗೆ ಕೈಯೆತ್ತಿ "ಗುಡ್ ಮಾರ್ನಿಂಗ್, ಡೋಂಟ್ ಡಿಫೇಸ್" ಎನ್ನುತ್ತಿದ್ದರು. ಅವರು ಸಂತೋಷದಿಂದ "ಯೂ ಟೂ!" ಎಂದು ಓಡುತ್ತಿದ್ದರು. ಮೊಮ್ಮಗಳು ಅನು ಗೋಡೆಯ ಮೇಲೆ ಕ್ರೇಯಾನ್‌ನಲ್ಲಿ ಗೀಚಿದಾಗ "ಪನಿಶಬಲ್!" ಎಂದು ಗುಡುಗಿದರಂತೆ. ಅವಳು ಕಿಂಡರ್‌ಗಾರ್ಟನ್‌ಗೆ ಹೋಗಿ ಟೀಚರಿಗೂ ಅದೇ ಮಾತು ಹೇಳಿ ಬಂದಳು.

ಇನ್ನು ನನ್ನ ಅಪರಾಧದ ವಿಷಯ.

ನಮ್ಮ ಮನೆಗಳ ಹಿಂದೆ ಸ್ವಲ್ಪ ಕಾಡಿತ್ತು. ಹಿಂದೆ ಆ ಜಾಗವೆಲ್ಲ ಯಾರದೋ ದೊಡ್ಡ ತೋಟ, ಹೊಲ. ಅದನ್ನು ಕತ್ತರಿಸಿ ನಮ್ಮ ಟೌನ್‌ಹೌಸ್‌ಗಳನ್ನು ಕಟ್ಟಿದ್ದರು. ಕಾಡಿನೊಳಗೆ ಸೊಂಟದೆತ್ತರದ ಒಂದು ಕಲ್ಲುಗುಪ್ಪೆ, ಅದರ ಮೇಲೊಂದು ಚಪ್ಪಟೆ ಕಲ್ಲು. ನಾನು ಎರಡು ವರ್ಷ ಅಲ್ಲೇ ಇದ್ದು ಒಂದು ದಿನವೂ ನೋಡಿರಲಿಲ್ಲ. ಅಂಕಲ್ ಬಂದ ಮೂರನೆಯ ದಿನ ನೋಡಿದರು. ಅಂದಿನಿಂದ ದಿನಕ್ಕೆ ಮೂರು ಸಲ, ಬೆಳಿಗ್ಗೆ ಏಳಕ್ಕೆ, ಹನ್ನೆರಡಕ್ಕೆ, ಸಂಜೆ ಐದಕ್ಕೆ, ಛತ್ರಿ ಹಿಡಿದು ಹೋಗಿ, ಎರಡು ಸಲ ಕೆಮ್ಮಿ, ತಲೆ ತಗ್ಗಿಸಿಕೊಂಡು ನಿಧಾನವಾಗಿ ಒಂದು ಸುತ್ತು ಹಾಕಿ, ಆಚೆಯ ಇಳಿಜಾರಿಗೂ ಇಳಿದು ಬರುತ್ತಿದ್ದರು. ಅಡುಗೆಮನೆಯ ಕಿಟಕಿಯಿಂದ ನನಗೆ ಚೆನ್ನಾಗಿ ಕಾಣುತ್ತಿತ್ತು.

ಅದು ಬೀಟು. ಕಾವಲುಗಾರನ ಸುತ್ತು. ಆದರೆ ಮೈಸೂರಿನಲ್ಲಿ ಹುಟ್ಟಿ ಬೆಳೆದ ನನ್ನ ಕಣ್ಣಿಗೆ, ಹಿರಿಯರೊಬ್ಬರು ಕಲ್ಲಿನ ಸುತ್ತ ಬಲಗಡೆಯಿಂದ ತಲೆ ತಗ್ಗಿಸಿ ನಡೆದರೆ ಅದು ಬೇರೇನಾಗಲು ಸಾಧ್ಯ? ಪ್ರದಕ್ಷಿಣೆಯೇ. ಪುರಾತತ್ತ್ವದವರು, ಕಲ್ಲಿನ ಮಹಿಮೆ ತಿಳಿದವರು, ಸುಮ್ಮನೆ ಸುತ್ತುತ್ತಾರೆಯೇ? ಆಗ ನನ್ನ ಗ್ರೀನ್ ಕಾರ್ಡಿಗೆ ಮೊದಲ ಮೆಟ್ಟಿಲಾದ ಲೇಬರ್ ಸರ್ಟಿಫಿಕೇಟು ಎರಡು ವರ್ಷದಿಂದ ಯಾವುದೋ ಕಚೇರಿಯಲ್ಲಿ ಕೂತಿತ್ತು. ಲಾಯರು ಫೋನ್ ಎತ್ತುವುದನ್ನೇ ಬಿಟ್ಟಿದ್ದ. ಮೇ ತಿಂಗಳ ಒಂದು ಶನಿವಾರ, ಅಂಕಲ್ ಮಗಳ ಜೊತೆ ಶಾಪಿಂಗ್ ಮಾಲ್‌ಗೆ ಹೋಗಿದ್ದಾಗ, ನಾನು ಕುಂಕುಮದ ಭರಣಿ, ಎರಡು ಬಾಳೆಹಣ್ಣು ತೆಗೆದುಕೊಂಡು ಹೋಗಿ, ಚಪ್ಪಟೆ ಕಲ್ಲಿಗೆ ಕುಂಕುಮ ಹಚ್ಚಿ, ಮೂರು ಸುತ್ತು ಹಾಕಿ ಬಂದೆ.

ಹನ್ನೊಂದನೆಯ ದಿನ ಲೇಬರ್ ಸರ್ಟಿಫಿಕೇಟು ಬಂತು.

ನಾನು ಒಬ್ಬನಿಗೆ ಮಾತ್ರ ಹೇಳಿದೆ, ಯಾರಿಗೂ ಹೇಳಬೇಡ ಎಂಬ ಷರತ್ತಿನ ಮೇಲೆ. ಮುಂದಿನ ವಾರ, ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ಕಿನಲ್ಲಿ, ನನಗೆ ಪರಿಚಯವೇ ಇಲ್ಲದ ಒಬ್ಬ ಬಂದು, "ಸಾರ್, ಆ ಸ್ಟೋನ್‌ಗೆ ಮೂರು ಸುತ್ತು ಸಾಕಾ, ಇಲ್ಲಾ ಹನ್ನೊಂದು ಹಾಕ್ಬೇಕಾ? ನಂದು ಗ್ರೀನ್ ಕಾರ್ಡು, ಇಬಿ-ತ್ರೀ ಕ್ಯೂ" ಎಂದು ಕೇಳಿದ. ಜೂನ್ ಬರುವ ಹೊತ್ತಿಗೆ ಒಂದು ಗಂಟೆ ದೂರದ ಎಲಿಕಾಟ್ ಸಿಟಿಯಿಂದಲೂ ಕಾರು ಮಾಡಿಕೊಂಡು ಬರತೊಡಗಿದರು. ಎಚ್-ಒನ್ ವೀಸಾದವರಿಗೆ ಮೂರು ಸುತ್ತು, ಗ್ರೀನ್ ಕಾರ್ಡಿನವರಿಗೆ ಒಂಬತ್ತು ಎಂಬ ನಿಯಮವೂ ಹುಟ್ಟಿತು. ಯಾರು ಮಾಡಿದರೋ ಗೊತ್ತಿಲ್ಲ. ತೆಂಗಿನಕಾಯಿ ಒಡೆಯಲು ಚಪ್ಪಟೆ ಕಲ್ಲಿನ ಅಂಚೇ ಅನುಕೂಲ ಎಂದು ಯಾರೋ ಮಹಾನುಭಾವ ಕಂಡುಹಿಡಿದ.

ಅಂಕಲ್‌ಗೆ ಮೊದಲು ಕಂಡದ್ದು ಕುಂಕುಮ. ಹಚ್ಚುವವರನ್ನು ಕೈಯಾರೆ ಹಿಡಿಯಬೇಕೆಂದು ಹೊಂಚುಹಾಕಿದ್ದರಂತೆ. ವಿಸಲ್ಲಿನ ಸದ್ದು ಕೇಳಿ ನಾನು ಓಡಿಹೋದೆ. ಖಾಕಿ ಕೋಟು ಹಾಕಿಕೊಂಡು ನಿಂತಿದ್ದಾರೆ. ಊರಿನಿಂದ ಅದನ್ನೂ ತಂದಿದ್ದರು. ಎದುರಿಗೆ ಇಬ್ಬರು ಡೇಟಾಬೇಸ್ ಅಡ್ಮಿನಿಸ್ಟ್ರೇಟರ್‌ಗಳು ಕರ್ಪೂರ ಹಿಡಿದು ನಡುಗುತ್ತಿದ್ದಾರೆ.

"ಮೂವತ್ತೊಂದು ವರ್ಷ ಆ ಗುಡ್ಡದ ಮ್ಯಾಲೆ ಕುಂಕುಮ ಒರೆಸಿ ಒರೆಸಿ ನನ್ನ ಬೆರಳು ಕೆಂಪಾಗಿದ್ವು. ಹಳ್ಳಿಯೋರು, ಓದಿಲ್ಲ ಬರೆದಿಲ್ಲ, ಬುಡು ಅಂತ ಸುಮ್ಕಿದ್ದೆ. ನೀವು ಇಲ್ಲಿಗೂ ತಂದ್ರಾ? ಇಷ್ಟು ಓದಿ?"

"ಅಂಕಲ್, ಎಲ್ರೂ ಹೇಳಿದ್ರು, ಇದು ಪವರ್‌ಫುಲ್ ಅಂತೆ..." ಎಂದ ಒಬ್ಬ.

"ಮೊದಲು ಯಾವನು ಹಚ್ಚಿದ್ದು? ಅದು ಹೇಳಿ."

ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನಾನು ಅಂಕಲ್ ಪಕ್ಕ ನಿಂತು, ಛೇ ಛೇ ಎಂದು ತಲೆ ಆಡಿಸಿದೆ. ನನ್ನ ಬದುಕಿನಲ್ಲಿ ನಾನು ನಾಚಿಕೆಪಟ್ಟುಕೊಳ್ಳುವ ಕೆಲವು ನಿಮಿಷಗಳಲ್ಲಿ ಅದೂ ಒಂದು.

ಆಗಸ್ಟಿನಲ್ಲಿ ಮೇಲ್‌ಬಾಕ್ಸ್‌ಗಳ ಹತ್ತಿರ ಒಂದು ನೋಟಿಸು ಅಂಟಿತು. ನಮ್ಮ ಕಾಲನಿಯ ಅಸೋಸಿಯೇಷನ್‌ನವರು ಆ ಕಾಡನ್ನು ಸವರಿ, ಕಲ್ಲು ತೆಗೆದು, ಟೆನಿಸ್ ಕೋರ್ಟ್ ಮಾಡುತ್ತಾರಂತೆ. ಸೆಪ್ಟೆಂಬರ್ ಕೊನೆಗೆ ಬುಲ್‌ಡೋಜರ್ ಬರುತ್ತದೆ. ನಾನು ಓದಿ ಹೇಳಿದೆ. ಅಂಕಲ್ ಮೆಟ್ಟಿಲ ಮೇಲೆ ಕೂತುಬಿಟ್ಟರು. ನಾನು ಕೇಳದೆಯೇ, ಹದಿನೇಳನೇ ಮನೆಯ ಕತೆ ಹೇಳಿದರು.

ವಿಮಲಾಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದ ವರ್ಷ. ಅವಳನ್ನು ಸೇರಿಸಲು ಅಂಕಲ್ ಬೆಂಗಳೂರಿಗೆ ಹೋದರು. ಎರಡೇ ದಿನ, ರಜೆ ಚೀಟಿ ಬರೆದಿಟ್ಟು. ವಾಪಸು ಬಂದು ಗುಡ್ಡ ಹತ್ತಿದರೆ ಹದಿನೇಳನೇ ಮನೆ ಇಲ್ಲ. ಕಲ್ಲು ಒಡೆಯುವವರು ಚಪ್ಪಡಿಗಳಿಗೆ ಉಳಿ ಹಾಕಿ ಸೀಳಿ ಲಾರಿಯಲ್ಲಿ ಸಾಗಿಸಿಬಿಟ್ಟಿದ್ದರು. ಒಳಗೆ ಮಣ್ಣಿನಲ್ಲಿ ಮಡಕೆಯ ಚೂರು, ಒಂದಷ್ಟು ಮೂಳೆ, ಬಿಸಿಲಲ್ಲಿ ಬಿದ್ದಿತ್ತಂತೆ.

"ಅವತ್ತು ಬಿಸಿಲು ಭಾರಿ ಇತ್ತಪ್ಪ. ಏನು ಮಾಡ್ಬೇಕು ತೋಚ್ಲಿಲ್ಲ. ಛತ್ರಿ ಬಿಚ್ಚಿ ಮೂಳೆ ಮ್ಯಾಲೆ ಹಿಡ್ಕೊಂಡು ಸಂಜೆ ಗಂಟ ನಿಂತಿದ್ದೆ."

ಆ ತಿಂಗಳ ಕಾರ್ಡಿನಲ್ಲಿ ಮಾತ್ರ ಮಾಮೂಲಿ ಸಾಲು ಬರೆಯಲಾಗಲಿಲ್ಲ. "ಒಂದು ಕಡಿಮೆ. ಉಳಿದದ್ದು ಯಥಾಸ್ಥಿತಿ" ಎಂದು ಬರೆದರಂತೆ. ಮೇಲಿನಿಂದ ಯಾವ ಉತ್ತರವೂ ಬರಲಿಲ್ಲ. ಈ ಸಂಗತಿ ವಿಮಲಾಗೆ ಹೇಳಬೇಡ ಎಂದರು. ತನ್ನ ಓದಿಗೆ ಒಂದು ಮನೆ ಹೋಯಿತು ಎಂದು ಅವಳಿಗೆ ಅನ್ನಿಸಬಾರದು.  ಅಲ್ಲೇ ಕುಂಕುಮದ ವಿಷಯ ಒಪ್ಪಿಕೊಳ್ಳಬೇಕಿತ್ತು. ಒಪ್ಪಿಕೊಳ್ಳಲಿಲ್ಲ.

"ಇಲ್ಲಿ ಮಲಗಿರೋರನ್ನ ಬುಡಾಕಿಲ್ಲ. ನೀನು ಬರ್ಕೊ" ಎಂದರು.

ಬರೆದುಕೊಂಡೆ. ಕೌಂಟಿಗೆ, ಅಂದರೆ ನಮ್ಮ ಜಿಲ್ಲಾಡಳಿತಕ್ಕೆ, ಅರ್ಜಿ. ಇಂದ, ಗೆ, ವಿಷಯ, ಉಲ್ಲೇಖ, ಎಲ್ಲ ಕ್ರಮಬದ್ಧವಾಗಿ. ಉಲ್ಲೇಖಕ್ಕೆ ಏನೂ ಇಲ್ಲ ಎಂದರೆ "ಖುದ್ದು ಪರಿಶೀಲನೆ ಅಂತ ಹಾಕು" ಎಂದರು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಟೈಪ್ ಮಾಡಿದೆ. ಕೌಂಟಿಯವರು ನಕ್ಕು ಕಸದ ಬುಟ್ಟಿಗೆ ಹಾಕುತ್ತಾರೆಂದೇ ನನ್ನ ನಂಬಿಕೆ. ವಿಮಲಾಗೂ ಇಷ್ಟವಿರಲಿಲ್ಲ. "ಅಪ್ಪ, ಇದು ನಮ್ಮ ಊರಲ್ಲ, ನಮಗ್ಯಾಕೆ? ಅಸೋಸಿಯೇಷನ್‌ನೋರ ಜೊತೆ ಪ್ರಾಬ್ಲಮ್ ಆಗುತ್ತೆ" ಎಂದಳು. ಅಂಕಲ್ ಸಹಿ ಹಾಕಿ, ಸಹಿಯ ಕೆಳಗೆ ಕನ್ನಡದಲ್ಲಿ ಕಾವಲುಗಾರ, ನಿವೃತ್ತ ಎಂದು ಬರೆದರು. ಹತ್ತು ದಿನದಲ್ಲಿ ಕೌಂಟಿಯಿಂದ ಫೋನ್ ಬಂತು. ಅಲ್ಲಿ ಹಳೆಯ ಸಮಾಧಿಗಳನ್ನು ನೋಡಿಕೊಳ್ಳುವ ಒಬ್ಬ ಹೆಂಗಸು ಇದ್ದಾರಂತೆ. ಗುರುವಾರ ಬಂದು ನೋಡುತ್ತಾರಂತೆ.

ಈಗ ನನಗೆ ನಿಜವಾದ ಭಯ ಹಿಡಿಯಿತು. ವಿಸಲ್ಲಿಗೆ ಹೆದರಿದ ಭಕ್ತರು ಬೀಟಿನ ಹೊತ್ತು ತಪ್ಪಿಸಿ ಬರುತ್ತಲೇ ಇದ್ದುದರಿಂದ ಕಲ್ಲಿನ ಮೇಲೆ ಮೂರು ತಿಂಗಳ ಅರಿಸಿನ ಕುಂಕುಮ, ಕರ್ಪೂರದ ಮಸಿ. ನೀರು ಹಾಕಿ ಉಜ್ಜುತ್ತೇನೆಂದೆ. ಅಂಕಲ್ ಹೌಹಾರಿದರು. ಹಳೆಯ ಕಲ್ಲಿಗೆ ನೀರು ಹಾಕಿ ಉಜ್ಜಬಾರದಂತೆ, ಬಣ್ಣ ಇನ್ನೂ ಒಳಗಿಳಿಯುತ್ತದಂತೆ. ಒಣಬಟ್ಟೆ, ಮೆತ್ತನೆಯ ಬ್ರಷ್ಷು, ಅಷ್ಟೇ. ಪ್ರಸಾದನ ಹೊಸ ಶೇವಿಂಗ್ ಬ್ರಷ್ ಬಲಿಯಾಯಿತು. ಎರಡು ದಿನ ಉಜ್ಜಿದರೂ ಕಲ್ಲು ಮದುವೆಮನೆಯ ಹೊಸಿಲಿನ ಹಾಗೆಯೇ ಕಾಣುತ್ತಿತ್ತು.

ಗುರುವಾರ ಆಕೆ ಬಂದರು. ಬಿಳಿಕೂದಲು, ಕೆಸರು ಮೆತ್ತಿದ ಬೂಟು, ಕೈಯಲ್ಲಿ ನಕ್ಷೆ. ಹಿಂದೆಯೇ ನಮ್ಮ ಅಸೋಸಿಯೇಷನ್ನಿನ ಅಧ್ಯಕ್ಷ ರಾನ್. ಅಂಕಲ್ ಖಾಕಿ ಕೋಟಿನಲ್ಲಿ ಅಟೆನ್ಷನ್ ನಿಂತು ಸಲ್ಯೂಟ್ ಹೊಡೆದರು. ವಿಮಲಾ ರಜೆ ಹಾಕಿ, ಅನುವಿನ ಕೈ ಹಿಡಿದು ದೂರದಲ್ಲಿ ನಿಂತಿದ್ದಳು. ಆಕೆ ಗುಪ್ಪೆಯ ಹತ್ತಿರ ಹೋಗಿ, ಬಗ್ಗಿ, ಕೆಂಪು ಹಳದಿ ಕಲ್ಲನ್ನೂ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ತೆಂಗಿನ ಚಿಪ್ಪನ್ನೂ ನೋಡಿ, "ಇದು ನಿಮ್ಮ ದೇವಸ್ಥಾನವೇ?" ಎಂದು ಮೃದುವಾಗಿ ಕೇಳಿದರು.

"ಅದನ್ನೇ ನಾನು ಹೇಳಿದ್ದು" ಎಂದ ರಾನ್. "ಹಳೆಯದೇನೂ ಅಲ್ಲ. ಇವರೇ ಈ ವರ್ಷ ಕಟ್ಟಿಕೊಂಡಿರೋದು. ಪರ್ಮಿಟ್ ಕೂಡ ಇಲ್ಲ."

ನಾನು ಇದನ್ನು ಅಂಕಲ್‌ಗೆ ಅನುವಾದ ಮಾಡಿ ಹೇಳಲೇಬೇಕಾಯಿತು.  ಅವರ ಮಾತು ಅಷ್ಟಕ್ಕೇ ಸುಳ್ಳಾಗುತ್ತಿತ್ತು, ಇನ್ನೊಂದು ಮನೆ ಅವರ ಕಣ್ಣೆದುರಿಗೇ ಹೋಗುತ್ತಿತ್ತು, ಅದೂ ನನ್ನ ಎರಡು ಬಾಳೆಹಣ್ಣಿನ ದೆಸೆಯಿಂದ. ಆಗ ಬಾಯಿ ಬಿಟ್ಟೆ. ಮೊದಲು ಇಂಗ್ಲಿಷಿನಲ್ಲಿ ಆಕೆಗೆ, ಆಮೇಲೆ ಕನ್ನಡದಲ್ಲಿ ಅಂಕಲ್‌ಗೆ. ಕಲ್ಲು ಮೊದಲಿನಿಂದ ಇದೆ. ಬಣ್ಣ ಈ ವರ್ಷದ್ದು. ಹಚ್ಚಿದವನು ನಾನು. ಗ್ರೀನ್ ಕಾರ್ಡಿಗಾಗಿ.

"ಕೆಲಸ ಆಯ್ತಾ?" ಎಂದು ಆಕೆ ಕುತೂಹಲದಿಂದ ಕೇಳಿದರು.

"ಲೇಬರ್ ಸರ್ಟಿಫಿಕೇಟು ಬಂತು."

ರಾನ್ ಕೂಡ ಕಲ್ಲನ್ನು ಇನ್ನೊಮ್ಮೆ ನೋಡಿದ. ಅಂಕಲ್ ಮಾತ್ರ ನನ್ನನ್ನು ನೋಡುತ್ತಿದ್ದರು. ಬೈಯುತ್ತಾರೆ ಎಂದುಕೊಂಡೆ. "ನೀನಾ?" ಎಂದರು, ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆಮೇಲೆ ಆಕೆ ಕೇಳಿದರು, ಇಲ್ಲಿ ಜನರನ್ನು ಹೂಳಿದ್ದಾರೆಂದು ನಿಮಗೆ ಹೇಗೆ ಅನ್ನಿಸಿತು? ಅಂಕಲ್ ಗುಪ್ಪೆಯ ಕಡೆ ತಿರುಗಿಯೂ ನೋಡಲಿಲ್ಲ. "ಬನ್ನಿ ಅನ್ನು" ಎಂದು ನನಗೆ ಹೇಳಿ, ಗುಪ್ಪೆಯಿಂದ ಇಪ್ಪತ್ತು ಹೆಜ್ಜೆ ಇಳಿಜಾರಿಗೆ ಹೋದರು. ಅಲ್ಲಿ ನೆಲ ತುಂಬ ಹಸಿರು ಬಳ್ಳಿ ಹಬ್ಬಿತ್ತು.

"ಇದು ಮಸಣದ ಹೂವಿನ ಜಾತಿ. ನಾನು ಬಂದಾಗ ನೀಲಿ ಹೂವು ಬಿಟ್ಟಿತ್ತು. ನಮ್ಮ ಕಡೆ ಸುಡುಗಾಡಲ್ಲಿ ಬೆಳೀತದೆ. ಇಲ್ಲೂ ಹಂಗೇನಾ ಕೇಳು."

ಕೇಳಿದೆ. ಆಕೆ ನಿಂತಲ್ಲೇ ನಿಂತರು. ಇಲ್ಲೂ ಹಾಗೆಯೇ, ಹಳೆಯ ಕಾಲದಲ್ಲಿ ಸಮಾಧಿಗಳ ಮೇಲೆ ಇದೇ ಬಳ್ಳಿ ನೆಡುತ್ತಿದ್ದರು ಎಂದರು.

ಅಂಕಲ್ ಛತ್ರಿಯ ತುದಿಯಿಂದ ಬಳ್ಳಿ ಸರಿಸಿದರು. ಗೇಣುದ್ದದ ಒಂದು ಸಾದಾ ಕಲ್ಲು ನೆಟ್ಟಗೆ ನಿಂತಿತ್ತು. ಅದರ ಎದುರಿಗೆ, ಐದಾರು ಅಡಿ ದೂರದಲ್ಲಿ, ಇನ್ನೊಂದು. ನಡುವೆ ನೆಲ ಸ್ವಲ್ಪ ಕುಸಿದಿತ್ತು. ಆಚೆ ಮತ್ತೊಂದು ಜೋಡಿ. ಅದರಾಚೆ ಇನ್ನೊಂದು. ಅಕ್ಷರ ಇಲ್ಲ, ಗುರುತು ಇಲ್ಲ.

"ತಲೆ ಪಡುವಣಕ್ಕೆ, ಕಾಲು ಮೂಡಣಕ್ಕೆ. ಎಲ್ಲಾ ಒಂದೇ ದಿಕ್ಕು. ಇಪ್ಪತ್ಮೂರು ಅವೆ. ಐದು ತಿಂಗಳಿಂದ ಎಣಿಸಿದ್ದೀನಿ" ಎಂದರು. ಆಮೇಲೆ ಎರಡು ಸಲ ಕೆಮ್ಮಿದರು. ಛತ್ರಿ ಪಕ್ಕಕ್ಕಿಟ್ಟು, ಆ ಎರಡು ಕಲ್ಲುಗಳ ನಡುವೆ, ಬಳ್ಳಿಯ ಮೇಲೆ, ಖಾಕಿ ಕೋಟಿನ ಸಮೇತ ಅಂಗಾತ ಮಲಗಿ ಎದೆಯ ಮೇಲೆ ಕೈ ಜೋಡಿಸಿ ಕಣ್ಣು ಮುಚ್ಚಿದರು.

"ತಾತ, ವಾಟ್ ಆರ್ ಯೂ ಡೂಯಿಂಗ್!" ಎಂದು ಅನು ಕೂಗಿದಳು. ರಾನ್ ಗಾಬರಿಯಾಗಿ ಆಂಬುಲೆನ್ಸ್ ಕರೆಯಬೇಕೇ ಎಂದ. ತಲೆ ಒಂದು ಕಲ್ಲಿಗೆ, ಕಾಲು ಇನ್ನೊಂದಕ್ಕೆ, ಅಳತೆ ಮಾಡಿಸಿದ ಹಾಗೆ ತಾಗಿತ್ತು.

"ಇವ್ರು ನನ್ನಷ್ಟೇ ಉದ್ದ ಅವ್ರೆ" ಎಂದರು ಕಣ್ಣು ಮುಚ್ಚಿಕೊಂಡೇ. ಆಮೇಲೆ ಎದ್ದು ಕೂತು, ಆಚೆಯ ಸಾಲಿನ ಕಡೆ ಕೈ ತೋರಿಸಿ, ದನಿ ತಗ್ಗಿಸಿದರು. "ಅಲ್ಲಿ ಏಳು ಜೋಡಿ ಕಲ್ಲು ಹತ್ರ ಹತ್ರ ಅವೆ. ಛತ್ರಿಯಷ್ಟೂ ಇಲ್ಲ. ಅವು ಮಕ್ಕಳು."

ನಾನು ಅದನ್ನು ಅನುವಾದ ಮಾಡುವ ಮೊದಲೇ ಆಕೆಗೆ ಅರ್ಥವಾಗಿತ್ತು. ನೆಲದ ಮೇಲೆ ಮಂಡಿಯೂರಿ ಕೂತರು. ಆ ತೋಟದಲ್ಲಿ ಗುಲಾಮರಾಗಿ ದುಡಿದವರನ್ನು ಎಲ್ಲೋ ಹೂಳಿರಬೇಕು ಎಂದು ಹಳೆಯ ಕಾಗದಗಳಿಂದ ಗೊತ್ತಿತ್ತಂತೆ, ಎಲ್ಲಿ ಎಂಬುದು ಯಾರಿಗೂ ಗೊತ್ತಿರಲಿಲ್ಲವಂತೆ. ಅವರ ಕಲ್ಲುಗಳ ಮೇಲೆ ಯಾರೂ ಹೆಸರು ಬರೆಯುತ್ತಿರಲಿಲ್ಲ. ರಾನ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ವಿಮಲಾ ಅಳುತ್ತಿದ್ದಳು. ಅಪ್ಪ ಏನು ಕೆಲಸ ಮಾಡುತ್ತಿದ್ದರು ಎಂಬುದನ್ನು ಅವಳು ಕಣ್ಣಾರೆ ನೋಡಿದ್ದು ಅದೇ ಮೊದಲು. ಅಲ್ಲಿಂದ ಮುಂದೆ ಯಾರು ಕೇಳಿದರೂ "ನಮ್ಮಪ್ಪ ಕಾವಲುಗಾರರು" ಎಂದು ಗಟ್ಟಿಯಾಗಿ ಹೇಳುತ್ತಿದ್ದಳು.

ಹೊರಡುವಾಗ ನಾನು ಆಕೆಯನ್ನು ಕೇಳಿದೆ, ಹಾಗಾದರೆ ಮೇಲಿನ ಕಲ್ಲುಗುಪ್ಪೆ? ಆಕೆ ನಗು ತಡೆದುಕೊಂಡು, ಅದೇನೂ ಅಲ್ಲ, ಹೊಲ ಉಳುವಾಗ ಸಿಕ್ಕಿದ ಕಲ್ಲುಗಳನ್ನು ರೈತರು ಒಂದು ಕಡೆ ಹಾಕಿದ್ದು ಎಂದರು. ಉತ್ತರ ವರ್ಜೀನಿಯಾದ ಅರ್ಧದಷ್ಟು ಕನ್ನಡಿಗರು ಒಂದು ಬೇಸಿಗೆಯಿಡೀ ಪ್ರದಕ್ಷಿಣೆ ಹಾಕಿದ್ದು ಹೊಲದ ಕಸಕ್ಕೆ. ಇದನ್ನು ನಾನು ಈ ಸಲ ಯಾರಿಗೂ ಹೇಳಲಿಲ್ಲ.

ಟೆನಿಸ್ ಕೋರ್ಟ್ ರಸ್ತೆಯ ಆ ಬದಿಗೆ ಹೋಯಿತು. ಅಕ್ಟೋಬರಿನಲ್ಲಿ ಅಂಕಲ್ ಊರಿಗೆ ಹೊರಟರು. ಏರ್‌ಪೋರ್ಟಿಗೆ ನಾನೇ ಡ್ರೈವ್ ಮಾಡಿದೆ. ದಾರಿಯಲ್ಲಿ ಅವರು ನನಗೆ ಶಿಕ್ಷೆ ವಿಧಿಸಿದರು. "ತಿಂಗಳಿಗೊಂದು ವರದಿ ಹಾಕು. ಎಲ್ಲಾ ಹೆಂಗವ್ರೆ ಅಂತ. ಕುಂಕುಮ ಹಚ್ಚಿದ ತಪ್ಪಿಗೆ ಅಷ್ಟು ಮಾಡು." ಎರಡು ವರ್ಷದ ಮೇಲೆ ವಿಮಲಾ ಬ್ಯಾಂಕಿನ ಕೆಲಸ ಸಿಕ್ಕಿ ಷಾರ್ಲೆಟ್‌ಗೆ ಹೋದ ಮೇಲಂತೂ ಕಾವಲಿಗೆ ಉಳಿದವನು ನಾನೊಬ್ಬನೇ.

ಹಾಕಿದೆ. ಸುಮಾರು ಐದು ವರ್ಷ. ಮೊದಮೊದಲು ಹೋಗಿ ನೋಡಿ ಬರೆಯುತ್ತಿದ್ದೆ. ಆಮೇಲೆ, ನನ್ನ ಸ್ವಭಾವ ಗೊತ್ತಲ್ಲ, ಅಡುಗೆಮನೆಯಲ್ಲಿ ಕೂತು ಬರೆದು ಹಾಕಿದೆ. ಒಂದು ಸಲ ಊರಿನಿಂದ ಕಾರ್ಡು ಬಂತು: "ಏಪ್ರಿಲ್ ವರದಿ ತಲುಪಿತು. ಹೂವು ಬಿಟ್ಟಿರುವ ಬಗ್ಗೆ ನಮೂದಿಸಿರುವುದಿಲ್ಲ. ಖುದ್ದು ಹೋಗಿ ನೋಡತಕ್ಕದ್ದು." ಹೋಗಿ ನೋಡಿದೆ. ಬಿಟ್ಟಿತ್ತು. ಅಂದಿನಿಂದ ಅಡುಗೆಮನೆ ವರದಿ ನಿಲ್ಲಿಸಿದೆ. ಕೌಂಟಿಯವರು ಮರದ ಬೇಲಿ ಹಾಕಿ, ಇಲ್ಲಿ ಮಲಗಿರುವವರು ಯಾರು, ಈ ಜಾಗಕ್ಕೆ ಕಾನೂನಿನ ರಕ್ಷಣೆ ಇದೆ, ಹಾಳುಮಾಡಿದರೆ ಶಿಕ್ಷೆ ಇದೆ ಎಂಬ ಬೋರ್ಡು ನೆಟ್ಟಾಗ, ಬೋರ್ಡಿನ ಅಳತೆ, ಬಣ್ಣ ಎಲ್ಲ ಬರೆದು ಕಳಿಸಿದೆ. ನಮ್ಮ ಬೋರ್ಡಿಗಿಂತ ಚಿಕ್ಕದು, ಆದರೂ ಪರವಾಗಿಲ್ಲ ಎಂದು ಉತ್ತರ ಬಂತು.

ಇನ್ನು ವಿಮಲಾ ಹೇಳಿದ ಆ ಇನ್ನೊಂದು ಮಾತು. ಈ ಬೇಸಿಗೆಯಲ್ಲಿ ನಾನು ಎರಡು ತಿಂಗಳು ವರದಿ ಹಾಕಲಿಲ್ಲ. ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆಂಬ ಗಾಬರಿಯಲ್ಲಿ ಆಫೀಸಿನಲ್ಲಿ ವಾರಾಂತ್ಯವೂ ಬಿಡುವಿರಲಿಲ್ಲ. ಆಗಸ್ಟಿನಲ್ಲಿ ಅಂಕಲ್ ಕೋಲಾರದ ಆಸ್ಪತ್ರೆಯಲ್ಲಿದ್ದರು. ವಿಮಲಾ ಹೋಗಿ ಮಂಚದ ಪಕ್ಕ ಕೂತಿದ್ದಳು. ದಿನವೂ ಕೇಳುತ್ತಿದ್ದರಂತೆ, ಶ್ಯಾಂಟಿಲಿ ವರದಿ ಬಂತಾ ಎಂದು.

"ಬಂದಿಲ್ಲ ಅನ್ನೋಕೆ ಮನಸ್ಸಾಗ್ಲಿಲ್ಲ ಕಣೋ. ನಿನ್ನ ಲೆಟರ್ಸ್ ಎಲ್ಲಾ ಟ್ಯಾಗ್ ಹಾಕಿ ಫೈಲ್ ಮಾಡಿಟ್ಟಿದ್ರು. ಅದ್ರಲ್ಲಿ ಒಂದು ತೆಗೆದು ಓದ್ದೆ. ಕಣ್ಣು ಮುಚ್ಕೊಂಡು ಕೇಳಿದ್ರು. ಪೂರ್ತಿ ಕೇಳಿ, 'ಸ್ನೋ ಬಿದ್ದದೆ ಅಂತ ಬರೆದವ್ನೆ. ಇದು ಆಗಸ್ಟು. ಹಳೇದು ಓದ್ತಾ ಇದ್ದೀಯ' ಅಂದ್ರು. ನಾನು ನಗೋದೋ ಅಳೋದೋ? ಆಮೇಲೆ, 'ಇರ್ಲಿ ಬುಡು, ಹುಡುಗ ಬರೀತಾನೆ, ಬಂದ್ಮ್ಯಾಲೆ ಫೈಲಿಗೆ ಹಾಕು' ಅಂದ್ರು. ಫೈಲ್ ಇಲ್ಲಿಗೇ ತಂದಿದ್ದೀನಿ."

ನಾನು ಸೀದ ದೋಸೆಯನ್ನು ಹಾಗೇ ಬಿಟ್ಟು, ಷೂ ಹಾಕಿಕೊಂಡು ಹಿಂದಿನ ಕಾಡಿಗೆ ಹೋದೆ. ಬೇಲಿಯ ಹತ್ತಿರ ನಿಂತು ಎರಡು ಸಲ ಕೆಮ್ಮಿದೆ. ಒಳಗೆ ಹೋಗಿ ಎಣಿಸಿದೆ. ಬಳ್ಳಿ ಹಸಿರಾಗಿತ್ತು. ಬೋರ್ಡಿನ ಮೇಲೆ, ಕೌಂಟಿಯ ಮುದ್ರೆಯ ನೆತ್ತಿಗೆ ಸರಿಯಾಗಿ, ಯಾರೋ ಕುಂಕುಮ ಇಟ್ಟಿದ್ದರು. ಜೇಬಿನಿಂದ ಒಣ ಕರ್ಚೀಫು ತೆಗೆದೆ. ಮನೆಗೆ ಬಂದು ಬರೆದು, ಷಾರ್ಲೆಟ್‌ನ ವಿಳಾಸ ಹಾಕಿದೆ.

"ಇಪ್ಪತ್ತಮೂರು ಮಂದಿ ಇದ್ದಾರೆ. ಹೂವಿನ ಕಾಲ ಅಲ್ಲ. ಬೋರ್ಡಿಗೆ ಕುಂಕುಮ ಹಚ್ಚಿದ್ದರು, ನಾನಲ್ಲ. ನೀರು ಬಳಸದೆ ಒರೆಸಲಾಗಿದೆ. ಕಾವಲುಗಾರರು ಒಬ್ಬರು ಕಡಿಮೆ. ಉಳಿದದ್ದು ಯಥಾಸ್ಥಿತಿ."